ಫೋನಿಗೆ ತಿಳಿಯದಂತೆ ಹಸು ಮಾರಲು ಹೋದದ್ದು

ನನ್ನ ಗುಟ್ಟುಗಳ ಹಣೆಬರಹವೇ ಹೀಗೆ, ಬೆಳಿಗ್ಗೆ ಹುಟ್ಟಿದ್ದು ಸಂಜೆಯೊಳಗೆ ನಮ್ಮೂರು ಕಾಮಸಮುದ್ರದ ಬಸ್ ಸ್ಟ್ಯಾಂಡ್ ಮುಟ್ಟಿರುತ್ತದೆ.

೧. ಜಾಹೀರಾತು

ನಮ್ಮ ಸೀಮೆಹಸು ನನ್ನ ಹೆಂಡತಿಗೆ ಹಾಲು ಕೊಡುತ್ತದೆ, ನನಗೆ ಒದೆ ಕೊಡುತ್ತದೆ. ಎರಡು ಸಲ ಮೊಣಕಾಲು ಊದಿದ ಮೇಲೆ ಮಾರಿಬಿಡೋಣ ಅನ್ನಿಸಿತು. ಹೆಂಡತಿಗೆ ಹೇಳಿದರೆ ಹಸು ಒಳಗೇ ಇರುತ್ತದೆ, ನಾನು ಹೊರಗೆ. ಸದ್ದಿಲ್ಲದೆ ಫೋನಿನಲ್ಲಿ ಹಸುವಿನ ರೇಟು ಹುಡುಕಿದೆ. ಅಂದಿನಿಂದ ಹಾಡು ಹಾಕಿದರೂ ಹಸು, ಸುದ್ದಿ ತೆಗೆದರೂ ಹಸು. ಹೆಂಡತಿ ನನ್ನ ಫೋನಿನಲ್ಲಿ ಅಡುಗೆ ವಿಡಿಯೋ ಹಾಕಿದರೆ ಮೊದಲು ಹಸುವಿನ ಜಾಹೀರಾತು.

"ಇದ್ಯಾಕಯ್ಯಾ, ನಿನ್ ಪೋನು ಅಸು ಅಸು ಅಂತೈತೆ?"

"ಅದಕ್ಕೂ ನಮ್ಮಸು ಅಂದ್ರೆ ಪ್ರೀತಿ."

"ನಿನಗಿಂತ ಪೋನೇ ವಾಸಿ ಬುಡು," ಅಂದಳು.

೨. ಹಾಕಿಸಲೋ, ಬೇಡವೋ

ನಿದ್ದೆ ಹಾರಿಹೋಯಿತು. ಸಾಲದ್ದಕ್ಕೆ ನಾನು ಎಲ್ಲಿದ್ದೀನಿ ಅನ್ನುವುದನ್ನು ಹೆಂಡತಿಯ ಫೋನಿನ ಮ್ಯಾಪಿನಲ್ಲಿ ಒಂದು ಚುಕ್ಕಿ ಸದಾ ತೋರಿಸುತ್ತಿತ್ತು, ಅದು ಮಗಳು ಮಾಡಿಕೊಟ್ಟ ಉಪಕಾರ. ದನದ ಸಂತೆಯ ಹಿಂದಿನ ದಿನ ಊರಿಗಾಂನ ಮೊಬೈಲ್ ರಿಪೇರಿ ಅಂಗಡಿಗೆ ಓಡಿ, ಈ ಫೋನಿನ ಬಾಯಿ ಮುಚ್ಚಿಸು ಅಂದೆ.

"ಫೋನ್ ನಡೆಸೋ ಓಎಸ್ ಕಿತ್ತಾಕಿ ಬೇರೆ ಹಾಕ್ತೀನಣ್ಣಾ," ಅಂದ ಅಂಗಡಿಯವನು. "ಎಲ್ಲಿದ್ದೀರಿ, ಏನ್ ಹುಡುಕ್ತೀರಿ, ಫೋನು ಯಾರಿಗೂ ಹೇಳಲ್ಲ. ಆದ್ರೆ ಫೋಟೋ, ನಂಬರು ಎಲ್ಲಾ ಅಳಿಸೋಗುತ್ತೆ. ಬ್ಯಾಂಕ್ ಆಪ್ ನಡೆದ್ರೆ ನಡೀತು. ಮಧ್ಯದಲ್ಲಿ ಏನಾದ್ರೂ ಕೆಟ್ರೆ ಫೋನೇ ಇಟ್ಟಿಗೆ."

ಕೂತೆ, ಎದ್ದೆ, ಎರಡು ಟೀ ಕುಡಿದೆ. ಬೇಡವೆಂದು ಬಸ್ ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಬಂದೆ. ಹಾಕು ಅಂದೆ, ತಾಳು ಅಂದೆ, ಮತ್ತೆ ಹಾಕು ಅಂದೆ.

"ಅಷ್ಟು ದೊಡ್ಡ ಗುಟ್ಟೇನಣ್ಣಾ?"

ತಡೆಯಲಾರದೆ ಹೇಳಿಬಿಟ್ಟೆ. ಅಂಗಡಿಯಲ್ಲಿ ಕಾದಿದ್ದವರಲ್ಲಿ ಇಬ್ಬರು, "ದಿನಕ್ಕೆ ಎಷ್ಟು ಲೀಟರ್ ಕೊಡ್ತದೆ?" ಅಂದರು.

೩. ಟವೆಲ್

ಮರುದಿನ, ಹಸುವನ್ನು ದನದಾಸ್ಪತ್ರೆಗೆ ತೋರಿಸಿಕೊಂಡು ಬರ್ತೀನಿ ಅಂತ ಹೆಂಡತಿಗೆ ಹೇಳಿ, ಟೆಂಪೋದಲ್ಲಿ ಬಂಗಾರಪೇಟೆಯ ದನದ ಸಂತೆಗೆ ಹೋದೆ.

ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ದಲ್ಲಾಳಿ ಒಳಗೇ ಬೆರಳು ಹಿಡಿದು ಹೇಳುತ್ತಾನೆ. ಇಬ್ಬರೂ ಎತ್ತಲೋ ನೋಡುತ್ತಿರಬೇಕು, ಮುಖದಲ್ಲಿ ಏನೂ ಕಾಣಬಾರದು. ಇಂಥ ಓಎಸ್ ಇಲ್ಲೇ ಇರುವಾಗ ಫೋಟೋಗಳನ್ನೆಲ್ಲ ಕಳೆದುಕೊಂಡೆನಲ್ಲ ಅಂತ ಹೊಟ್ಟೆ ಉರಿಯಿತು.

ದಲ್ಲಾಳಿ ಮೂರು ಬೆರಳು ಹಿಡಿದ, ಅಂದರೆ ಮೂವತ್ತು ಸಾವಿರ. ನಾನು ಒಪ್ಪಲಿಲ್ಲ. ಟವೆಲನ್ನು ನನ್ನ ಕೈಮೇಲೇ ಬಿಟ್ಟು, ಹಸು ಕೊಳ್ಳುವವನನ್ನು ಕೇಳಲು ಹೋದ. ನಾನು ಪದ್ಧತಿಯಂತೆ ಆಕಾಶ ನೋಡುತ್ತಾ ನಿಂತೆ. ಕೈ ಮತ್ತೆ ಬಂತು. ಈ ಸಲ ಐದೂ ಬೆರಳು! ಖುಷಿಯಾಗಿ ತಲೆಯಾಡಿಸಿದೆ. ಹಿಡಿತ ಬಿಗಿಯಾಯಿತು, ಇನ್ನೂ ಬಿಗಿಯಾಯಿತು. ಆಗ ಬಳೆಗಳು ತಾಕಿದವು.

"ಇಷ್ಟು ದಿನ ಎಲ್ಲೋದ್ರೂ ನಿನ್ ಚುಕ್ಕಿ ಕಾಣ್ತಿತ್ತು," ಅಂದಳು ಹೆಂಡತಿ. "ಅಸೂನ ಆಸ್ಪತ್ರೇಗೆ ಒಯ್ಯೋ ಒತ್ತಿಗೇ ಯಾಕಯ್ಯಾ ಮಾಯ ಆಯ್ತು? ಬಸ್ ಸ್ಟ್ಯಾಂಡಾಗೆ ಕೇಳಿದ್ರೆ ಎಲ್ರೂ ಸಂತೆ ಅಂದ್ರು, ಅದಕ್ಕೇ ಬಸ್ಸತ್ತಿ ಬಂದೆ."

ಅಷ್ಟರಲ್ಲಿ ದಲ್ಲಾಳಿ ಬಂದ. "ಎಷ್ಟಕ್ಕೆ ಮುಗೀತಕ್ಕಾ?"

"ಅಸು ಕೊಡಾಕಿಲ್ಲ. ಇವನಿಗೆ ಎಷ್ಟು ಕೊಡ್ತೀಯ ಅದನ್ನೇಳು."

ದಲ್ಲಾಳಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಹೊರಟೇಹೋದ.