ಚೆಂಡು ಮೆಲ್ಲಗೆ ಬರಲಿ

ದೇವರ ಮುಂದೆ ಕೂತು, ಕೈ ಮುಗಿದು, ಏನು ಕೇಳಬೇಕೆಂದೇ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುವ ಸ್ಥಿತಿ ನನಗೆ ಬಂದದ್ದು ಇದೇ ಮೊದಲು. ಕೇಳುವುದರಲ್ಲಿ ನಾನು ಎಂದೂ ಸಂಕೋಚಪಟ್ಟವಳಲ್ಲ. ಒಗೆದ ಬಟ್ಟೆ ಒಣಗುವ ತನಕ ಮಳೆ ತಡೆದಿರು, ಈ ಸೆಕೆಗೆ ದೋಸೆಹಿಟ್ಟು ಉಕ್ಕಿ ನೆಲಕ್ಕಿಳಿಯದಂತೆ ನೋಡಿಕೋ, ಇವರು ಆಫೀಸಿನಿಂದ ಬರುವ ದಾರಿಯಲ್ಲಿ ಕಾರಿಗೆ ಯಾವ ಲಾರಿಯೂ ಅಡ್ಡ ಬರದಿರಲಿ. ನನ್ನ ಬೇಡಿಕೆಗಳೆಲ್ಲ ಈ ಅಳತೆಯವು. ದೊಡ್ಡದನ್ನು ಕೇಳಿ ದೇವರನ್ನು ಪೇಚಿಗೆ ಸಿಕ್ಕಿಸುವ ಅಭ್ಯಾಸ ನನಗಿಲ್ಲ. ಕೊಟ್ಟಾಗ ನೆನೆಯುವುದನ್ನೂ ಮರೆಯುವವಳಲ್ಲ. ಮೊನ್ನೆಯೇ ನೋಡಿ, ಮಲೇಷ್ಯಾದ ನಮ್ಮ ಈ ಸೈಬರ್‌ಜಯಾ ಊರಿನ ಮೇಲೆಲ್ಲ ಮೋಡ ಕವಿದು ಕಪ್ಪಿಟ್ಟಿತ್ತು. ನಾನು ಬಾಲ್ಕನಿಯಿಂದ ಕೊನೆಯ ಟವೆಲ್ಲು ಒಳಗೆಳೆದುಕೊಂಡ ಮೇಲೇ ಮೊದಲ ಹನಿ ಬಿದ್ದದ್ದು. ಬೇರೆಯವರು ಅದನ್ನು ಹವಾಮಾನ ಅನ್ನುತ್ತಾರೆ. ನಾನು ಒಳಗೆ ಬಂದು ಒಂದು ಊದುಬತ್ತಿ ಹೆಚ್ಚಿಗೆ ಹಚ್ಚಿದೆ. ಇಷ್ಟು ಸಲೀಸಾಗಿ ನಡೆದುಕೊಂಡು ಬಂದ ನಮ್ಮಿಬ್ಬರ ವ್ಯವಹಾರ ಈ ವಾರ ತೊಡಕಿಗೆ ಬಿದ್ದದ್ದು ಮಗಳ ಕಾಲೇಜಿನ ಫುಟ್‌ಬಾಲ್ ಮ್ಯಾಚಿನಿಂದ. ನಾಳೆ ಶನಿವಾರ, ಮ್ಯಾಚು.

ನನ್ನ ಮಗಳು ಸಿಂಚನಾ, ಮನೆಯಲ್ಲಿ ಚಿನ್ನು, ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ನಮ್ಮ ಎರಡೂ ಕಡೆಯ ವಂಶದಲ್ಲಿ ಇದುವರೆಗೆ ಚೆಂಡಿನ ಜೊತೆ ಯಾರಿಗಾದರೂ ಸಂಬಂಧ ಇದ್ದಿದ್ದರೆ ಅದು ಚೆಂಡುಹೂವಿನ ಹಾರದ ಮಟ್ಟಿಗೆ ಮಾತ್ರ. ಇವಳಿಗೆ ಎಲ್ಲಿಂದ ಅಂಟಿತೋ ಕಾಣೆ. ಕಳೆದ ವರ್ಷವೆಲ್ಲ ಪಾಪ, ಮೈದಾನದ ಅಂಚಿನ ಬೆಂಚಿನಲ್ಲಿ ಕೂತು ಉಳಿದವರ ನೀರಿನ ಬಾಟಲಿ ಕಾಯುತ್ತಿದ್ದಳು. ಗೋಲಿನಲ್ಲಿ ನಿಲ್ಲುತ್ತಿದ್ದ ಹಿರಿಯ ಹುಡುಗಿ ಓದು ಮುಗಿಸಿ ಹೊರಟ ಮೇಲೆ ಆ ಜಾಗ ಇವಳ ಪಾಲಿಗೆ ಬಂತು. ಸುದ್ದಿ ಕೇಳಿ ನನಗೆ ಖುಷಿಯೇ ಆಯಿತು. ಉಳಿದವರೆಲ್ಲ ಬಿಸಿಲಿನಲ್ಲಿ ದಿಕ್ಕೆಟ್ಟವರಂತೆ ಓಡುವಾಗ ನನ್ನ ಮಗಳು ಬಲೆಯ ಮುಂದೆ ನೆಮ್ಮದಿಯಾಗಿ ನಿಂತಿರುತ್ತಾಳೆ, ಕೈಗೆ ಗ್ಲೌಸ್ ಬೇರೆ ಕೊಡುತ್ತಾರೆ, ಉಗುರು ಕೂಡ ಮುರಿಯುವುದಿಲ್ಲ ಎಂದುಕೊಂಡೆ. ಆ ನಿಲ್ಲುವ ಕೆಲಸದಲ್ಲಿ ಬೀಳುವುದೇ ಹೆಚ್ಚು ಎಂದು ತಿಳಿದದ್ದು ಒಂದು ಸಂಜೆ ಅವರ ಪ್ರಾಕ್ಟೀಸ್ ನೋಡಲು ಹೋದಾಗ.

ಅವತ್ತು ಚೆಂಡು ಗೋಲಿನ ಮೂಲೆಗೆ ನುಗ್ಗಿ ಬಂತು. ಚಿನ್ನು ಹಾರಿ, ಗಾಳಿಯಲ್ಲಿ ಅಡ್ಡಡ್ಡ ಮಲಗಿ, ಕೆಸರಿನಲ್ಲಿ ಜಾರಿಕೊಂಡು ಅಷ್ಟು ದೂರ ಹೋದಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಎದ್ದು ನಿಂತು, “ಅಯ್ಯೋ, ಬಿದ್ಲು! ಬಿದ್ಲು!” ಎಂದು ಕೂಗಿದೆ. ನನ್ನ ಗಂಟಲು ಸ್ವಲ್ಪ ದೊಡ್ಡದು. ನಮ್ಮ ಭಜನೆಯವರು ನನ್ನ ಕೈಗೆ ಮೈಕು ಕೊಡುವುದಿಲ್ಲ. ಇಡೀ ಮೈದಾನ ತಿರುಗಿ ನೋಡಿತು. ಚೆಂಡು ನೋಡಿದರೆ ಚಿನ್ನುವಿನ ಎದೆಗೆ ಅವಚಿಕೊಂಡಿತ್ತು. ತಂಡದ ನಾಯಕಿ ಐನಾ ಎನ್ನುವ ಮಲಯ್ ಹುಡುಗಿ, ಒಳ್ಳೆಯ ಮನಸ್ಸಿನವಳು, ‘ಬಿದ್ಲು’ ಎಂದರೆ ನಮ್ಮ ಭಾಷೆಯಲ್ಲಿ ‘ಭಲೇ’ ಇರಬೇಕೆಂದು ತಿಳಿದು ತಾನೂ ಚಪ್ಪಾಳೆ ತಟ್ಟಿ “ಬಿದ್ಲು!” ಎಂದಳು. ಅಂದಿನಿಂದ ಆ ತಂಡದಲ್ಲಿ ಯಾರು ಚೆನ್ನಾಗಿ ಆಡಿದರೂ ‘ಬಿದ್ಲು’. ಕೋಚ್ ಕೂಡ ಹೆಬ್ಬೆರಳೆತ್ತಿ “ಗುಡ್ ಬಿದ್ಲು” ಎನ್ನುತ್ತಾರಂತೆ. ಕನ್ನಡಕ್ಕೆ ಇಷ್ಟಾದರೂ ಸೇವೆ ಸಂದಿತಲ್ಲ ಎಂದು ನಾನು ಹಿಗ್ಗಿದರೆ, ಚಿನ್ನು ಮನೆಗೆ ಬಂದವಳೇ ಬ್ಯಾಗು ಸೋಫಾದ ಮೇಲೆ ಬಿಸುಟಳು.

“ಅಮ್ಮಾ, ಯು ಆರ್ ನಾಟ್ ಕಮಿಂಗ್ ಎಗೇನ್.”

“ಯಾಕೇ? ಅವರೆಲ್ಲ ಖುಷಿಯಾಗೇ ಇದ್ದರಲ್ಲ?”

“ದಟ್ಸ್ ದ ಪ್ರಾಬ್ಲಂ ಲಾ!”

ಇಲ್ಲಿ ಬೆಳೆದ ನಮ್ಮ ಮಕ್ಕಳ ಪದ್ಧತಿಯೇ ಹೀಗೆ. ನಾವು ಕನ್ನಡದಲ್ಲಿ ಬೈಯಬೇಕು, ಅವರು ಇಂಗ್ಲಿಷಿನಲ್ಲಿ ಬೈಸಿಕೊಳ್ಳಬೇಕು, ಕೊನೆಗೆ ಬಾಲಕ್ಕೆ ಈ ಊರಿನ ಒಂದು ‘ಲಾ’. ಅಂತೂ ಅವಳು ಮೊದಲ ಸಲ ಗೋಲಿನಲ್ಲಿ ನಿಲ್ಲುವ ನಿಜವಾದ ಮ್ಯಾಚು ಹತ್ತಿರ ಬಂದರೂ ನನಗೆ ಕರೆ ಬರಲಿಲ್ಲ. ಹೋಗದೆ ಇರಲು ಮನಸ್ಸು ಒಪ್ಪದು, ಕರೆಯದೆ ಹೋಗಲು ಮಾನ ಬಿಡದು. ವಾರವೆಲ್ಲ ನಾನು ಪಾತ್ರೆ ತೊಳೆದದ್ದು, ತರಕಾರಿ ಹೆಚ್ಚಿದ್ದು, ಎಲ್ಲವೂ ಒಂದು ಕಿವಿಯನ್ನು ಅವಳ ಕೋಣೆಯ ಕಡೆ ಇಟ್ಟುಕೊಂಡೇ.

ಅವಳು ಬಾಯಿಬಿಟ್ಟದ್ದು ಅಜ್ಜಿಯ ಹತ್ತಿರ. ಅತ್ತೆಯವರು ನಮ್ಮ ಜೊತೆ ಇರಲೆಂದು ಮೈಸೂರಿನಿಂದ ಬಂದು ತಿಂಗಳಾಯಿತು. ಕಿವಿ ಕೊಂಚ ಮಂದ, ಉತ್ಸಾಹ ಮಂದವಿಲ್ಲ. ಸೋಮವಾರ ಚಿನ್ನು ಅವರ ಪಕ್ಕ ಕೂತು, “ಸ್ಯಾಟರ್ಡೇ ಫಸ್ಟ್ ಹೋಮ್, ಅಜ್ಜಿ” ಎಂದಳು.

“ಹೋಮವಾ? ಬಹಳ ಒಳ್ಳೆಯದಾಯಿತು ಕಣಮ್ಮಾ. ಯಾವ ಹೋಮ?”

“ಫುಟ್‌ಬಾಲ್, ಅಜ್ಜಿ.”

ಅತ್ತೆಯವರು ಪರದೇಶದ ಸಂಪ್ರದಾಯವನ್ನು ಪ್ರಶ್ನಿಸಬಾರದೆಂದು ತಲೆಯಾಡಿಸಿದರು. ಮಾರನೆಯ ದಿನ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, “ಏನೇ ಜಯಾ, ತುಪ್ಪ ಸಾಕಾಗುತ್ತಾ? ಸಮಿತ್ತು ಈ ಊರಲ್ಲಿ ಸಿಗುತ್ತಾ? ಮಗು ಯಾಕೆ ಮಡಿಬಟ್ಟೆ ಬಿಟ್ಟು ಚಡ್ಡಿ ಒಗೆಯುತ್ತಾ ಕೂತಿದೆ?” ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಇದು ಹೋಮ ಅಲ್ಲ, ಹೋಮ್. ನಮ್ಮ ಮೈದಾನದಲ್ಲಿ ನಾವು ಆಡಿದರೆ ನಮ್ಮ ಮನೆ ಮ್ಯಾಚು ಎಂದು ಲೆಕ್ಕ, ಆಚೆಯವರು ಇಲ್ಲಿಗೆ ಬರುತ್ತಾರೆ ಎಂದು ಬಿಡಿಸಿ ಹೇಳಿದೆ. ಅತ್ತೆ ಇನ್ನಷ್ಟು ಗಂಭೀರರಾದರು. “ಹಾಗಾದರೆ ಬರುವವರು ನೆಂಟರಲ್ಲವೇನೇ? ನೆಂಟರನ್ನು ಮನೆಗೆ ಕರೆಸಿಕೊಂಡು ಸೋಲಿಸಿ ಕಳಿಸುತ್ತಾರಾ?” ನಾನು ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ತುಪ್ಪವಾದರೂ ಸಾಕಷ್ಟಿತ್ತು.

ಆ ನೆಂಟರು ಯಾರೆಂಬುದೇ ಚಿನ್ನುವಿನ ಚಿಂತೆ. ಸಮುದ್ರದಾಚೆ, ಇದೇ ದೇಶದ ಸರವಾಕ್ ರಾಜ್ಯದ ಒಂದು ಕಾಲೇಜು; ಈ ಪಂದ್ಯಗಳಿಗೆ ಸೇರಿದ್ದೇ ಈ ವರ್ಷ. ಅವರ ಆಟವನ್ನು ಇಲ್ಲಿ ಯಾರೂ ಕಂಡಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಒಂದು ವಿಡಿಯೋ. ಅದೂ ಯಾರೋ ಪುಣ್ಯಾತ್ಮರು ಮಳೆಯಲ್ಲಿ ತೆಗೆದದ್ದು, ಮುಕ್ಕಾಲು ಪಾಲು ಕೊಡೆಯೇ ಕಾಣುತ್ತದೆ. ಕೊಡೆಯ ಅಂಚಿನಿಂದ ಒಂದು ಕ್ಷಣ ಒಂಬತ್ತನೇ ನಂಬರಿನ ಹುಡುಗಿಯ ಬೆನ್ನು ಕಂಡು ಮಾಯವಾಗುತ್ತದೆ. ಆ ಬೆನ್ನನ್ನೇ ಹಿಡಿದುಕೊಂಡು ಚಿನ್ನುವಿನ ತಂಡ ವಾರವಿಡೀ ಪುರಾಣ ಕಟ್ಟಿತು. ಮಂಗಳವಾರ ಅವಳು ಒದ್ದರೆ ಬಲೆ ಹರಿಯುತ್ತದಂತೆ ಎಂದಾಯಿತು. “ಬಲೆ ಹಳೇದಿತ್ತೇನೋ” ಎಂದ ಇವರನ್ನು ಚಿನ್ನು ಕೆಕ್ಕರಿಸಿ ನೋಡಿದಳು. ಬುಧವಾರ ಅವಳು ಆರಡಿ ಎತ್ತರ ಬೆಳೆದಳು. ಗುರುವಾರದ ಹೊತ್ತಿಗೆ, ಆಟಕ್ಕಾಗಿಯೇ ಬೇಕೆಂದು ಪರೀಕ್ಷೆಯಲ್ಲಿ ಫೇಲಾಗಿ ಕಾಲೇಜಿನಲ್ಲಿ ಉಳಿದುಕೊಂಡಿದ್ದಾಳಂತೆ ಎನ್ನುವವರೆಗೆ ಬಂತು. ಇಷ್ಟೆಲ್ಲ ಕೇಳಿದ ಮೇಲೆ ನನ್ನ ಮಗಳು ಇಡ್ಲಿ ತಿನ್ನುತ್ತಾಳೆಯೇ? ತಟ್ಟೆಯಲ್ಲಿ ಅದನ್ನು ಪುಡಿ ಮಾಡಿ ಉಪ್ಪಿಟ್ಟಿನ ಹಾಗೆ ಹರಡಿಕೊಂಡು ಕೂತಿದ್ದಳು.

ಗುರುತಿಲ್ಲದವರ ಭಯ ನನಗೂ ಹೊಸದಲ್ಲ. ಇವರು ಆಫೀಸಿನಿಂದ ಫೋನು ಮಾಡಿ “ಇಬ್ಬರನ್ನು ಊಟಕ್ಕೆ ಕರೆತರ್ತಿದ್ದೀನಿ” ಎಂದು ಇಟ್ಟುಬಿಡುತ್ತಾರೆ. ಬರುವವರು ಯಾವ ದೇಶದವರು, ಖಾರ ತಿನ್ನುತ್ತಾರೋ ಇಲ್ಲವೋ, ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ ಒಂದೂ ಹೇಳುವುದಿಲ್ಲ. ನಾನು ಒಂದು ಸಾರು ಖಾರವಾಗಿ, ಒಂದು ಸಪ್ಪೆಯಾಗಿ, ಯಾವುದಕ್ಕೂ ಇರಲೆಂದು ಮೊಸರು ಧಾರಾಳವಾಗಿ ಇಟ್ಟುಕೊಂಡು ಬಾಗಿಲು ತೆರೆದರೆ ಎದುರಿಗೆ ನನಗಿಂತ ಹೆಚ್ಚು ಹೆದರಿದ ಇಬ್ಬರು ನಿಂತಿರುತ್ತಾರೆ. ಇದನ್ನು ಚಿನ್ನುವಿಗೆ ಹೇಳಿದೆ.

“ಅಮ್ಮಾ, ದೇ ಆರ್ ನಾಟ್ ಕಮಿಂಗ್ ಫಾರ್ ಸಾರು.”

“ಅಲ್ಲ ಕಣೇ, ಅವರಿಗೆ ನಿನ್ನ ಗುರುತಿದೆಯಾ? ಅವರೂ ಅಲ್ಲಿ ನಿನ್ನನ್ನ ಏಳಡಿ ಮಾಡಿಕೊಂಡು ಕೂತಿರ್ತಾರೆ. ಕೈ ಚಾಚಿದರೆ ಈ ಕಂಬದಿಂದ ಆ ಕಂಬಕ್ಕೆ ಮುಟ್ಟುತ್ತೆ ಅಂತ.”

ಅವಳಿಗೆ ನಗು ಬಂತು. ಪುಡಿಯಾಗಿದ್ದ ಇಡ್ಲಿ ಹೊಟ್ಟೆ ಸೇರಿತು. ಆ ಒಂದು ಇಡ್ಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಇನ್ನು ಪ್ರಾರ್ಥನೆಯ ವಿಚಾರ. ನಮ್ಮ ಕೆಳಗಿನ ಮನೆಯ ಸರೋಜಕ್ಕ ತಮಿಳಿನವರು, ನನಗೆ ದೇವಸ್ಥಾನದ ಜೊತೆ. ಅವರು ತಮಿಳು ಆಡುತ್ತಾರೆ, ನಾನು ಕನ್ನಡ ಆಡುತ್ತೇನೆ, ಗಣಪತಿಗೆ ಎರಡೂ ತಿಳಿಯುತ್ತದೆ. ವಿಷಯ ಕೇಳಿದ ಕೂಡಲೇ ಸರೋಜಕ್ಕ ಸೆರಗು ಸಿಕ್ಕಿಸಿಕೊಂಡು, “ನಮ್ಮ ಪಿಳ್ಳೈಯಾರ್ ಗಣಪತಿಗೆ ತೆಂಗಿನಕಾಯಿ ಒಡೆದುಬಿಡಿ ಲಾ. ಇಲ್ಲಿ ಕಾಯಿ ಚೂರಾದರೆ ಅಲ್ಲಿ ಅವರು ಚೂರು!” ಎಂದರು. ಕಾಯಿ ಕೈಗೆತ್ತಿಕೊಂಡೆ ಕೂಡ. ಆದರೆ ನನ್ನ ಮಗಳು ಗೆಲ್ಲಲಿ ಎಂದರೆ ಆ ಒಂಬತ್ತನೇ ನಂಬರಿನವಳು ಸೋಲಲಿ ಎಂದ ಹಾಗೇ ಅಲ್ಲವೇ? ಅವಳಿಗೂ ಒಬ್ಬ ಅಮ್ಮ ಇರುತ್ತಾಳೆ. ಮಗಳು ವಿಮಾನ ಹತ್ತುವಾಗ ಬ್ಯಾಗಿಗೆ ತಿಂಡಿ ತುರುಕಿ ಬೈಸಿಕೊಂಡಿರುತ್ತಾಳೆ. ಅವಳ ಹೊಟ್ಟೆಗೆ ಬೆಂಕಿ ಹಾಕು ಎಂದು ದೇವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ತುಂಬ ಯೋಚಿಸಿ, ಯಾರಿಗೂ ತೊಂದರೆಯಾಗದ ಒಂದು ಬೇಡಿಕೆ ಕಂಡುಹಿಡಿದೆ. ಆ ಚೆಂಡು ನನ್ನ ಮಗಳ ಕಡೆಗೆ ಬಾರದೇ ಇರಲಿ. ಮೈದಾನದ ನಡುವೆ ಅವರವರೇ ಎಷ್ಟು ಬೇಕೋ ಅಷ್ಟು ಒದ್ದುಕೊಳ್ಳಲಿ.

ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ನಿನ್ನೆ ಸಂಜೆ ಚಿನ್ನುವಿನ ತಲೆಗೆ ಎಣ್ಣೆ ತಿಕ್ಕುತ್ತ ಇದನ್ನು ಅವಳಿಗೆ ಹೇಳಿದೆ. ಅವಳು ನನ್ನ ಕೈಯಿಂದ ಜಡೆ ಬಿಡಿಸಿಕೊಂಡು ತಿರುಗಿದಳು. ಇಂಗ್ಲಿಷು ಬರುತ್ತದೆ ಎಂದು ನಾನು ಸಿದ್ಧಳಾಗಿದ್ದೆ. ಬಂದದ್ದು ಕನ್ನಡ.

“ಒಂದು ವರ್ಷ ಬೆಂಚಲ್ಲಿ ಕೂತಿದ್ದೆ ಅಮ್ಮಾ. ಬಾಲ್ ಬರಬೇಕು. ನಂಗೆ ಬರಬೇಕು.”

ಮೂರೇ ಮಾತು. ನಾನು ಬಾಚಣಿಗೆ ಹುಡುಕುವ ನೆಪದಲ್ಲಿ ಎದ್ದು ಒಳಗೆ ಹೋದೆ. ಮಕ್ಕಳಿಗೆ ಏನೂ ಆಗದಿರಲಿ ಎಂದು ಬೇಡುತ್ತ ಬೇಡುತ್ತ, ಅವರಿಗೆ ಏನೂ ಸಿಗದಿರಲಿ ಎಂದು ಬೇಡಿಬಿಟ್ಟಿರುತ್ತೇವೆ. ಪುಣ್ಯಕ್ಕೆ ಮೇಲಿರುವವನು ನಮ್ಮ ಮಾತನ್ನೆಲ್ಲ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ದೀಪದ ಮುಂದೆ ನಿಂತು ಬೇಡಿಕೆ ತಿದ್ದಿದೆ. ಚೆಂಡು ಬರಲಿ. ಆದರೆ ಮೆಲ್ಲಗೆ ಬರಲಿ. ಅದೂ ಹೆಚ್ಚಾಯಿತೇನೋ ಅನ್ನಿಸಿ, ಆಮೇಲೆ ಕೊನೆಯ ಭಾಗವನ್ನು ನಿನ್ನ ಇಷ್ಟಕ್ಕೆ ಬಿಟ್ಟೆ ಎಂದೆ.

ಇವತ್ತು ಮಧ್ಯಾಹ್ನ ಚಿನ್ನು ಬಾಲ್ಕನಿಯಲ್ಲಿ ತನ್ನ ಗ್ಲೌಸ್ ಒಗೆದು ಹರವುತ್ತಿದ್ದಳು. ನನ್ನ ಕಡೆ ನೋಡದೆ, ಗ್ಲೌಸಿನ ಬೆರಳು ನೇರ ಮಾಡುತ್ತ, “ಟುಮಾರೋ ಫ್ರೀ ಆ?” ಎಂದಳು. ವಾರವೆಲ್ಲ ಕಾದದ್ದು ಇದಕ್ಕೇ. ಆದರೂ ಬಿಟ್ಟುಕೊಡಬಾರದಲ್ಲ.

“ನೋಡಬೇಕು. ಹಪ್ಪಳ ಇಡೋಣ ಅಂತಿದ್ದೆ.”

“ಹಪ್ಪಳ? ಇನ್ ದಿಸ್ ರೇನ್?” ಅವಳು ನಕ್ಕಳು. “ಕಮ್ ಲಾ, ಅಮ್ಮಾ. ಬಟ್ ಕಂಡೀಷನ್ಸ್.”

ಗ್ಲೌಸಿಗೆ ಕುಂಕುಮ ಹಚ್ಚಬಾರದು. ಚಿನ್ನು ಎಂದು ಕರೆಯಬಾರದು. ಅವತ್ತು ಮೈದಾನದಲ್ಲಿ ಕೂಗಿದ ಆ ಮಾತನ್ನಂತೂ ಆಡಲೇಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಅವಳ ಗೋಲಿನ ಹಿಂದೆ ಕೂರಬಾರದು, ಮೈದಾನದ ಆ ತುದಿಯಲ್ಲಿ, ಆಚೆ ತಂಡದ ಗೋಲಿನ ಹಿಂದೆ ಕೂರಬೇಕು. “ನೀನು ಮನಸ್ಸಲ್ಲೇ ಪ್ರೇ ಮಾಡಿದ್ರೂ ಐ ಕ್ಯಾನ್ ಹಿಯರ್ ಯು” ಎಂದಳು. ಹೆಣ್ಣು ಕೊಡುವವರು ಬೀಗರ ಮುಂದೆ ಒಪ್ಪುವ ಹಾಗೆ ನಾನು ಎಲ್ಲದಕ್ಕೂ ಆಗಲಿ ಆಗಲಿ ಎಂದು ತಲೆಯಾಡಿಸಿದೆ. ಕರೆದಳಲ್ಲ, ಅಷ್ಟೇ ಸಾಕು.

ಸಾಕು ಎಂದುಕೊಂಡದ್ದು ಸಂಜೆ ಕಾಫಿಯ ತನಕ ಮಾತ್ರ. ಇವರ ಮುಂದೆ ಲೋಟ ಇಡುವಾಗ ದುಃಖ ಒತ್ತಿಕೊಂಡು ಬಂತು. “ನೋಡಿ, ಮಗಳು ಒಂದು ತುದಿ, ಅಮ್ಮ ಒಂದು ತುದಿ. ನನ್ನ ಕಣ್ಣಿಗೆ ಅವಳು ಅಷ್ಟು ದೂರದಲ್ಲಿ ಕಾಣುತ್ತಾಳಾ? ನನ್ನ ಎದುರಿಗೆ ನಿಂತಿರುವವಳು ಆ ಪರವೂರಿನ ಗೋಲ್‌ಕೀಪರು. ನನ್ನ ಬುದ್ಧಿ ನನಗೆ ಗೊತ್ತಿಲ್ವಾ, ಹತ್ತು ನಿಮಿಷದಲ್ಲಿ ಅವಳನ್ನ ಊಟ ಆಯ್ತಾ ಅಂತ ಕೇಳಿರ್ತೀನಿ.”

ಇವರು ಪೇಪರಿನಿಂದ ತಲೆ ಎತ್ತಿದರು. “ಅರ್ಧ ಆಟ ಆದ ಮೇಲೆ ತಂಡಗಳು ತುದಿ ಬದಲಾಯಿಸ್ತವೆ ಕಣೇ. ನೀನು ಕೂತಲ್ಲೇ ಕೂತಿರು. ಅವಳೇ ಬಂದು ನಿನ್ನ ಮುಂದೆ ನಿಲ್ತಾಳೆ.”

ನನಗೆ ನಿಧಿ ಸಿಕ್ಕಿದ ಹಾಗಾಯಿತು. ಓಡಿಹೋಗಿ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದು ಬಂದು, ಧ್ವನಿ ತಗ್ಗಿಸಿ, “ಶ್! ದಮ್ಮಯ್ಯ, ಅವಳಿಗೆ ಹೇಳಬೇಡಿ. ಗೊತ್ತಾದರೆ ನನ್ನನ್ನ ಬೇರೆ ಕಡೆ ಕೂರಿಸಿಬಿಡ್ತಾಳೆ” ಎಂದೆ.

ಇವರು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. “ಜಯಾ, ಅವಳು ಗೋಲ್‌ಕೀಪರ್ ಕಣೇ. ಅವಳಿಗೆ ಗೊತ್ತಿಲ್ವಾ?”

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಬಾಲ್ಕನಿಯಲ್ಲಿ ಗ್ಲೌಸು ಇನ್ನೂ ತೊಟ್ಟಿಕ್ಕುತ್ತಿತ್ತು. ಎರಡನೆಯ ಅರ್ಧದಲ್ಲಿ ನನ್ನ ಮುಂದೆಯೇ ನಿಲ್ಲುವುದು ಗೊತ್ತಿದ್ದೇ ಹುಡುಗಿ ಪೂರ್ತಿ ಕರೆದಿದ್ದಾಳೆ, ನನಗೆ ಅರ್ಧ ಮಾತ್ರ ಕೇಳಿಸಿದೆ. ಸರಿ, ಅವಳು ಅಷ್ಟು ಮಾಡಿದ ಮೇಲೆ ನಾನೂ ಮಾತು ಉಳಿಸಿಕೊಳ್ಳಬೇಕಲ್ಲ. ಅರ್ಧ ಆಟವೆಂದರೆ ಮುಕ್ಕಾಲು ಗಂಟೆಯಂತೆ. ಮುಕ್ಕಾಲು ಗಂಟೆ ಬಾಯಿ ಮುಚ್ಚಿ ಕೂರುವುದನ್ನು ಕಾಫಿ ಆದ ಮೇಲಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ನಿಮಿಷ ಕಳೆದಿರಲಿಕ್ಕಿಲ್ಲ, ಅತ್ತೆಯವರು ಗಾಬರಿಯಿಂದ ಇವರನ್ನು ಪಕ್ಕಕ್ಕೆ ಕರೆದರು. “ಏನೋ, ಜಯಾಗೆ ಮೈ ಹುಷಾರಿಲ್ವಾ? ಡಾಕ್ಟರ ಹತ್ತಿರ ತೋರಿಸೋ.”