ಗುರುವಪ್ಪನ ಕೈಗಳು

ಮನೀಶನ ಗ್ರಹಚಾರ ಒಂದು ಚೀಟಿಯಿಂದ ಶುರುವಾಯಿತು.

ಘಣಸೋಲಿಯ ಕಟ್ಟಡವೊಂದರಲ್ಲಿ, ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ಯೋಗದ ತರಗತಿ, ನಡುವೆ ಅವನು ಕಲಿಯುತ್ತಿದ್ದ ಸಿನಿಮಾ ಶಾಲೆ. ವಿದ್ಯಾರ್ಥಿಗಳು ಹನ್ನೊಂದು, ಕ್ಯಾಮೆರಾ ಎರಡು. ಅದರಲ್ಲೊಂದು ಮನಸ್ಸು ಬಂದ ದಿನ ಮಾತ್ರ ಕೆಲಸ ಮಾಡುತ್ತಿತ್ತು. ವರ್ಷದ ಪರೀಕ್ಷೆಯೆಂದರೆ ಬೆಳಿಗ್ಗೆ ಚೀಟಿ ಎತ್ತಬೇಕು, ಸಂಜೆ ಆರಕ್ಕೆ ಐದು ನಿಮಿಷದ ಚಿತ್ರ ತೋರಿಸಬೇಕು. ಮನೀಶನ ಚೀಟಿಯಲ್ಲಿ ‘ಕೈಗಳು’ ಎಂದಿತ್ತು. ಮುಖ ಕಾಣಿಸಕೂಡದು.

ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಅಪ್ಪ ಪುಂಡರೀಕಾಕ್ಷ ರಾಯರು ಮೊದಲೇ ಹೇಳಿಬಿಟ್ಟಿದ್ದರು: “ಫಸ್ಟ್ ಬಂದರೆ ಎರಡನೇ ವರ್ಷ ಓದು. ಇಲ್ಲದಿದ್ರೆ ನಾಳೆಯಿಂದ ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೊ.”

ಮನೀಶ ನೇರ ಹೋಟೆಲಿನ ಅಡುಗೆಮನೆಗೆ ನುಗ್ಗಿದ. ಇಪ್ಪತ್ತೆರಡು ವರ್ಷ ಅಲ್ಲಿ ಸಾಂಬಾರು ಕುದಿಸಿದ ಗುರುವಪ್ಪನ ಕೈಗಳ ಮೇಲೆ ಸುಟ್ಟ ಕಲೆಗಳು ನಕಾಶೆಯಂತೆ ಹರಡಿದ್ದವು. ಮಸಾಲೆ ಹುರಿಯುವಾಗ ಅಳತೆ ಕಾಣದಂತೆ ಎಲ್ಲರಿಗೂ ಬೆನ್ನು ತಿರುಗಿಸುವ ಮನುಷ್ಯ, ಕ್ಯಾಮೆರಾ ಕಂಡು ಕರಗಿಹೋದ.

“ನನ್ನ ಕೈಯಾ? ಸಿನಿಮಾಕ್ಕಾ?” ಎಂದು ಎರಡು ಸಲ ಸೋಪು ಹಚ್ಚಿ ತೊಳೆದು ಬಂದ.

ಅಷ್ಟರಲ್ಲಿ ರಾಯರೂ ತಲೆ ಬಾಚಿಕೊಂಡು ಹಾಜರು. “ಎಂತ ಮಾರಾಯ, ಮಾಲೀಕನ ಮುಖ ಬೇಡ್ವಾ?”

“ಪಪ್ಪಾ, ಸಿರ್ಫ್ ಕೈ. ಚೆಹರಾ ನಹೀ ಚಲೇಗಾ.”

“ಕೈ ನನಗೂ ಉಂಟು!” ರಾಯರು ಉಂಗುರದ ಕೈಯನ್ನು ಬೇಳೆಯ ಪಾತ್ರೆಯ ಮೇಲೆ ಆಶೀರ್ವಾದದಂತೆ ಹಿಡಿದರು, ಆವಿ ತಾಗಿ ಕಿರುಚಿದರು.

ಆ ಕೈ ಗಲ್ಲಾಪೆಟ್ಟಿಗೆಗೇ ಚೆಂದ ಎಂದು ಪಾತ್ರೆ ತೊಳೆಯುವ ಚಂದ್ರಬಾಯಿ ನಕ್ಕಳು: “ಶೇಟ್, ತುಮ್ಹಾರಾ ಹಾಥ್ ಗಲ್ಲೇ ಮೇಚ್ ಅಚ್ಛಾ ದಿಖತಾ ಹೈ!”

ಉಪ್ಪು ಹಾಕುವ ಶಾಟ್‌ಗೆ ಮೂರು ಟೇಕ್ ಆಯಿತು. ಮೂರು ಸಲವೂ ಉಪ್ಪು ನಿಜವಾಗಿಯೇ ಬಿತ್ತು. ಹೊರಗಿನಿಂದ ಗಿರಾಕಿಯೊಬ್ಬ ಕೂಗಿದ: “ರಾಯರೇ, ಇದು ಸಾಂಬಾರಾ, ಅರಬ್ಬಿ ಸಮುದ್ರವಾ?”

“ಹಾಳಾಗ್ಲಿ ನಿನ್ನ ಸಿನಿಮಾ!” ಎಂದು ರಾಯರು ಮಗನತ್ತ ಹಲ್ಲು ಕಡಿದರು. ಆದರೂ ಸಂಜೆ ಹೊಸ ಅಂಗಿ ಹಾಕಿ, ಗುರುವಪ್ಪನನ್ನೂ ಕರೆದುಕೊಂಡು ಘಣಸೋಲಿಗೆ ಬಂದರು.

ಕೊನೆಗೆ ಮನೀಶನ ಚಿತ್ರವೂ ಮುಗಿಯಿತು. ಶಾಲೆಯ ಊರ್ಮಿಳಾ ಮೇಡಂ ಕನ್ನಡಕ ಒರೆಸಿಕೊಂಡು ಮನೀಶನೇ ಫಸ್ಟ್ ಎಂದು ಸಾರಿದರು. ಘೋಡಬಂದರ್ ರಸ್ತೆಯಲ್ಲಿ ಎರಡು ಹೋಟೆಲಿಟ್ಟು ಮೂರನೆಯದಕ್ಕೆ ಬಣ್ಣ ಹೊಡೆಸುತ್ತಿದ್ದ ಮುಖ್ಯ ಅತಿಥಿ ಜಯೇಶ್ ಶೆಟ್ಟರು ಎದ್ದು ಬಂದರು.

“ರಾಯರೇ, ಆ ಕೈ ಯಾರದ್ದು?”

“ನಮ್ಮ ಗುರುವಪ್ಪನದ್ದು! ಇಲ್ಲೇ ಇದ್ದಾನೆ, ನೋಡಿ!” ರಾಯರು ಅವನನ್ನು ಹೆಮ್ಮೆಯಿಂದ ಮುಂದೆ ತಳ್ಳಿದರು. ಶೆಟ್ಟರು ಆ ಕೈಗಳನ್ನು ಹಿಡಿದವರು ಬಿಡಲೇ ಇಲ್ಲ. ಹಾಗೇ ಮೂಲೆಗೆ ನಡೆಸಿಕೊಂಡು ಹೋದರು.

ಹತ್ತು ನಿಮಿಷ ಕಳೆದು ಗುರುವಪ್ಪ ತಲೆ ತಗ್ಗಿಸಿ ಬಂದ. “ರಾಯರೇ, ನಾಳೆಯಿಂದ ನಾನು ಶೆಟ್ಟರಲ್ಲಿ. ಬೇಜಾರು ಮಾಡ್ಬೇಡಿ. ಈ ಕೈಯನ್ನು ಇಷ್ಟು ವರ್ಷ ಯಾರೂ ನೋಡಿರ್ಲಿಲ್ಲ.”

ಅಪ್ಪ ಮಗ ಇಬ್ಬರೇ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದರು. ಮನೀಶ ಮೆಲ್ಲಗೆ ಕೇಳಿದ: “ಪಪ್ಪಾ, ಸೆಕೆಂಡ್ ಇಯರ್?”

“ನಾನು ಮಾತಿಗೆ ತಪ್ಪುವವನಲ್ಲ. ಬೇರೆ ಅಡುಗೆಯವ ಸಿಕ್ಕಿದ ದಿನವೇ ಹೋಗು. ಆ ಚಿತ್ರ ಫೋನಿನಲ್ಲಿ ಉಂಟಾ?”

ಅಪ್ಪ ತನ್ನ ಚಿತ್ರವನ್ನು ಎರಡನೇ ಸಲ ನೋಡಲು ಕೇಳಿದರಲ್ಲ ಎಂದು ಮನೀಶನ ಎದೆ ತುಂಬಿತು. ರಾಯರು ಕಣ್ಣು ಕಿರಿದು ಮಾಡಿ ಒಂದೊಂದು ದೃಶ್ಯವನ್ನೂ ನೋಡಿದರು.

“ಇಲ್ಲಿ ನಿಲ್ಲಿಸು. ಮೆಂತೆ ಎಷ್ಟು ಹಾಕಿದ, ಕಾಣ್ತದಾ?”

“ಕಾಣ್ತದೆ, ಪಪ್ಪಾ. ಕ್ಲೋಸಪ್ ಹೈ.”

“ಒಳ್ಳೇದಾಯ್ತು. ಬಾಯಿಪಾಠ ಮಾಡು. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಬೇಕು ನೀನು.”