ಮಲಾಡಿನ ಬಾಳೆ ಎಲೆ ಮತ್ತು ನನ್ನ ವರ್ಗಮೂಲ

ಗಣಿತ ಬಲ್ಲವನಿಗೆ ಈ ಜಗತ್ತಿನಲ್ಲಿ ಬಗೆಹರಿಯದ ಸಮಸ್ಯೆಯೇ ಇಲ್ಲ ಎಂದು ಮೂವತ್ತೊಂದನೆಯ ವಯಸ್ಸಿನವರೆಗೂ ನಾನು ನಂಬಿದ್ದೆ. ಆಮೇಲೆ ಬಾಸು ಶೆಟ್ಟರ ಹೋಟೆಲಿಗೆ ಬಾಳೆ ಎಲೆ ತರಿಸಿದೆ!

ಎಪ್ಪತ್ತರ ದಶಕದ ಆರಂಭದ ಮಾತು. ಧಾರವಾಡದಲ್ಲಿ ಗಣಿತ ಓದಿ ಮುಂಬಯಿಗೆ ಬಂದ ನಾನು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದೆ. ಮನೆ ಮಲಾಡಿನ ಚಾಳಿನಲ್ಲಿ. ಸಂಜೆ ಹೊತ್ತು ಒಂದು ಕ್ಲಾಸಿಗೆ ಹೋಗುತ್ತಿದ್ದೆ. ಯಾವ ಸಾಮಾನನ್ನು ಎಷ್ಟು ದಿನಕ್ಕೊಮ್ಮೆ ತರಿಸಬೇಕು, ಒಮ್ಮೆಗೆ ಎಷ್ಟು ತರಿಸಬೇಕು ಎಂಬುದನ್ನು ಅಲ್ಲಿ ಸೂತ್ರ ಹಾಕಿ ಕಂಡುಹಿಡಿಯುತ್ತಿದ್ದರು. ಸಾಮಾನು ತರಿಸುವ ಖರ್ಚು ಮೇಲೆ, ಇಟ್ಟುಕೊಳ್ಳುವ ಖರ್ಚು ಕೆಳಗೆ. ಭಾಗಿಸಿ ವರ್ಗಮೂಲ ತೆಗೆದರೆ ಮುಗಿಯಿತು! ನಮ್ಮ ಸ್ಟೋರ್ಸಿನ ನಟ್ಟು-ಬೋಲ್ಟುಗಳ ಮೇಲೆ ಇದನ್ನು ಪ್ರಯೋಗಿಸಿ ಮ್ಯಾನೇಜರ್ ಬಾಯಿಂದ ‘ವೆರಿ ಗುಡ್’ ಅನ್ನಿಸಿಕೊಂಡಿದ್ದೆ. ಅಂದಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಾಸು ಶೆಟ್ಟರು ಉಡುಪಿ ಕಡೆಯವರು. ಮಲಾಡ್ ಸ್ಟೇಷನ್ನಿನ ಹತ್ತಿರ ಅವರ ಊಟದ ಹೋಟೆಲು. ನಾನು ಈ ಊರಿಗೆ ಬಂದ ಹೊಸತರಲ್ಲಿ ಕಾಮಾಲೆಯಾಗಿ ಮಲಗಿದಾಗ, ನನ್ನ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಆ ಮನುಷ್ಯ ಹದಿನೈದು ದಿನ ತಾವೇ ಗಂಜಿ ಹೊತ್ತು ತಂದು ಕುಡಿಸಿದ್ದರು. ಈ ಋಣಕ್ಕೆ ಪ್ರತಿಯಾಗಿ ಏನು ಮಾಡಲಿ ಎಂದು ವರ್ಷಗಟ್ಟಲೆ ಯೋಚಿಸಿದ್ದೆ. ಈಗ ಹೊಳೆಯಿತು. ಅವರಿಗೆ ವರ್ಗಮೂಲ ಕೊಡಬೇಕು!

“ಶೆಟ್ಟರ, ನಿಮ್ಮ ಹೋಟೆಲ್ ಸಾಮಾನು ತರಿಸೋದನ್ನೆಲ್ಲಾ ಶಾಸ್ತ್ರೀಯವಾಗಿ ಮಾಡಿಬಿಡೋಣ್ರಿ” ಅಂದೆ.

“ನೀವು ಓದಿದವರು ಮಾರಾಯ್ರೆ. ನಮಗೆ ಒಳ್ಳೇದಾಗುದಾದ್ರೆ ಮಾಡಿ” ಅಂದರು ಶೆಟ್ಟರು.

ಹದಿನೆಂಟು ದಿನ, ಕೆಲಸಕ್ಕೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಮೂಲೆಯ ಮೇಜಿನಲ್ಲಿ ಕೂತು ಯಾರು ಏನು ತಿಂದರೆಂದು ಬರೆದುಕೊಂಡೆ. ಗಿರಾಕಿಗಳು ನನ್ನನ್ನು ಮುನಿಸಿಪಾಲಿಟಿಯವನೆಂದು ತಿಳಿದು ಮೆಲ್ಲಗೆ ತಿನ್ನತೊಡಗಿದರು.

ಮೊದಲ ಫಲಿತಾಂಶ ತೆಂಗಿನಕಾಯಿಯದು. ಮೂರು ವಾರಕ್ಕಾಗುವಷ್ಟು ಒಮ್ಮೆಲೇ ತರಿಸಿರೆಂದು ಸೂತ್ರ ಹೇಳಿತು. ತರಿಸಿದೆವು. ಎಲ್ಲಿಡಬೇಕೆಂದು ಸೂತ್ರ ಹೇಳಿರಲಿಲ್ಲ! ಮೇಜುಗಳ ಕೆಳಗೆ ತುಂಬಿದೆವು. ಊಟಕ್ಕೆ ಕೂತವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಉಣ್ಣಬೇಕಾಯಿತು. ಒಂದು ಕಾಯಿ ಉರುಳಿಕೊಂಡು ಹೊರಗೆ ಹೋಗಿ, ಲೋಕಲ್ ಹಿಡಿಯಲು ಓಡುತ್ತಿದ್ದವರ ಜೊತೆ ತಾನೂ ಸ್ಟೇಷನ್ ಕಡೆ ಹೊರಟಿತು.

ಎರಡನೆಯದು ಇಡ್ಲಿ. ವಾರದ ಸರಾಸರಿ ತೆಗೆದು, ದಿನಾ ಅಷ್ಟೇ ಇಡ್ಲಿ ಬೇಯಿಸಲು ಹೇಳಿದೆ. ಸೋಮವಾರ ಎಂಟು ಗಂಟೆಗೇ ಇಡ್ಲಿ ಮುಗಿದು ಗಿರಾಕಿಗಳು ಬೈದು ಹೋದರು. ಗುರುವಾರವೋ ಅರ್ಧ ಮಲಾಡಿಗೆ ವ್ರತದ ಉಪವಾಸ! ಉಳಿದ ಇಡ್ಲಿಯನ್ನೆಲ್ಲ ಶೆಟ್ಟರು ಪ್ರೀತಿಯಿಂದ ನಮ್ಮ ಮನೆಗೇ ಕಳಿಸಿದರು.

ನನ್ನ ಹೆಂಡತಿ ಸುಶೀಲಾ ಎರಡು ದಿನ ಇಡ್ಲಿಯ ಉಪ್ಪಿಟ್ಟು ಮಾಡಿದಳು. ಮೂರನೆಯ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನ್ರೀ, ಆ ಮನಿಷ್ಯಾ ನಿಮಗ ಏನ್ ಅನ್ಯಾಯ ಮಾಡ್ಯಾನ? ಗಂಜಿ ಕುಡಿಸಿದ್ದs ತಪ್ಪಾತೇನು?”

“ನಿನಗ ತಿಳಿಯೂದಿಲ್ಲ. ಪ್ರಯೋಗ ಅಂದ್ರ ಸಣ್ಣ-ಪುಟ್ಟ ತೊಡಕು ಇರತಾವ” ಅಂದೆ, ಗಂಭೀರವಾಗಿ.

ಮೂರನೆಯದೇ ಬಾಳೆ ಎಲೆ. ವಸಯಿಯಿಂದ ಒಬ್ಬ ಮಾವಶಿ, ಅರವತ್ತು ದಾಟಿದ ಮರಾಠಿ ಹೆಂಗಸು, ದಿನಾ ಬೆಳಗಿನ ಲೋಕಲ್ಲಿನಲ್ಲಿ ತಲೆಯ ಮೇಲೆ ಎಲೆಯ ಕಟ್ಟು ಹೊತ್ತು ತರುತ್ತಿದ್ದಳು. ದಿನಾ ಬರುವುದೆಂದರೆ ಎಷ್ಟು ವ್ಯರ್ಥ ಓಡಾಟ! ಲೆಕ್ಕಕ್ಕೆ ಕೂತೆ. ಎಲೆ ಇಡಲು ಮೆಟ್ಟಿಲ ಕೆಳಗೆ ಜಾಗ ಖಾಲಿ ಇತ್ತು. ಅಂದಮೇಲೆ ಇಟ್ಟುಕೊಳ್ಳುವ ಖರ್ಚು ಸೊನ್ನೆ. ಸೊನ್ನೆಯಿಂದ ಭಾಗಿಸಿದೆ. ಉತ್ತರ ಅನಂತ! ಅಂದರೆ ಒಮ್ಮೆಲೇ ಅನಂತ ಎಲೆಗಳನ್ನು ತರಿಸಬೇಕು. ಶೆಟ್ಟರ ಮೇಲಿನ ಕರುಣೆಯಿಂದ ಹತ್ತು ದಿನದ ಎಲೆಗೆ ಇಳಿಸಿದೆ.

“ಎಲೆ ಅಷ್ಟು ದಿನ ತಡೀತದಾ ರಾಯ್ರೆ?” ಶೆಟ್ಟರು ಮೆಲ್ಲಗೆ ಕೇಳಿದರು.

“ಸೂತ್ರ ಸುಳ್ಳು ಹೇಳಂಗಿಲ್ರಿ!”

ಮಾವಶಿಗೂ ನಾನೇ ತಿಳಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತ, “ಸಾಹೇಬ, ಪಾನಂ ಸಡತೀಲ” ಅಂದಳು. ನನ್ನ ಮರಾಠಿ ಅಷ್ಟಕ್ಕಷ್ಟೆ. ‘ಆಗಲಿ ಸಾಹೇಬ’ ಅಂದಳೆಂದು ತಿಳಿದು “ಹೋ, ಹೋ!” ಎಂದು ಹುರುಪಿನಿಂದ ತಲೆಯಾಡಿಸಿದೆ.

ಇದೇ ಹೊತ್ತಿಗೆ ಹತ್ತಿರದ ಒಂದು ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆ ದಿನಾ ಮಧ್ಯಾಹ್ನದ ಊಟ ಒದಗಿಸುವವರನ್ನು ಹುಡುಕುತ್ತಿದ್ದರು. ಶೆಟ್ಟರೂ ಎದುರು ಹೋಟೆಲಿನ ಪೈಗಳೂ ಇಬ್ಬರೂ ಅರ್ಜಿ ಹಾಕಿದ್ದರು. ಪರೀಕ್ಷೆಗಾಗಿ ಮೊದಲ ಊಟ ಶೆಟ್ಟರಲ್ಲಿ. ನೂರಿಪ್ಪತ್ತು ಜನ, ಅರವತ್ತರ ಎರಡು ಪಂಕ್ತಿ. ಇದು ಸಿಕ್ಕರೆ ಊರಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇಲ್ಲೇ ಮನೆ ಮಾಡುವುದೆಂದು ಶೆಟ್ಟರ ಆಸೆ.

ಎಲೆ ತರಿಸಿದ ಆರನೆಯ ದಿನ ಅದು. ನಾನು ರಜೆ ಹಾಕಿ ಮೇಲ್ವಿಚಾರಣೆಗೆ ಹೋಗಿದ್ದೆ. ಅಲ್ಲಿಯವರೆಗೆ ಮೇಲಿನ ಕಟ್ಟುಗಳು ಹೇಗೋ ನಡೆದಿದ್ದವು. ಹನ್ನೊಂದು ಗಂಟೆಗೆ ಕೆಳಗಿನ ಕಟ್ಟುಗಳನ್ನು ಬಿಚ್ಚಿದೆವು. ಮೆಟ್ಟಿಲ ಕೆಳಗಿನ ಆ ಜಾಗದ ಗೋಡೆಯಾಚೆ ಒಲೆಗಳಿದ್ದವು! ಎಲೆಗಳು ಹಳದಿಯಾಗಿ, ಕಪ್ಪಾಗಿ, ಲೋಳೆಯಾಗಿ ಕೈಗೆ ಅಂಟಿಕೊಂಡವು. ಮೂಗು ಮುಚ್ಚಿಕೊಂಡ ಅಡುಗೆಯ ಭಟ್ಟರು ಹೇಳಿದರು: “ಸಡತೀಲ ಅಂದ್ರೆ ಕೊಳೀತದೆ ಅಂತ. ಮಾವಶಿ ಅವತ್ತೇ ಹೇಳಿದ್ಳಲ್ಲ. ನೀವು ಹೋ ಹೋ ಅಂದ್ರಿ!”

ನಟ್ಟು-ಬೋಲ್ಟು ಕೊಳೆಯುವುದಿಲ್ಲ, ಎಲೆ ಕೊಳೆಯುತ್ತದೆ. ಇಷ್ಟು ತಿಳಿಯಲು ನಾನು ಪದವೀಧರನಾಗಬೇಕಾಗಿತ್ತು.

ಊಟಕ್ಕೆ ಇನ್ನು ಒಂದೂವರೆ ತಾಸು, ಆ ಹೊತ್ತಿಗೆ ಪೇಟೆಯಲ್ಲೂ ಎಲೆ ಸಿಗುತ್ತಿರಲಿಲ್ಲ. ಹೋಟೆಲಿನಲ್ಲಿದ್ದದ್ದು ತಿಂಡಿಯ ಸಣ್ಣ ತಟ್ಟೆಗಳು ಮಾತ್ರ. ಶೆಟ್ಟರ ಮುಖ ಬಿಳಿಚಿಕೊಂಡಿತು. ಆದರೆ ನನ್ನನ್ನು ಬೈಯದೆ ಆ ಸಣ್ಣ ತಟ್ಟೆಗಳನ್ನೇ ಎಣಿಸತೊಡಗಿದರು. ಅದೇ ನನಗೆ ಹೆಚ್ಚು ಚುಚ್ಚಿತು. ರಸ್ತೆ ದಾಟಿ ಪೈಗಳ ಎದುರು ಕೈಮುಗಿದು ನಿಂತೆ. ಶೆಟ್ಟರ ಕೈತಪ್ಪಿದರೆ ಈ ಕೆಲಸ ಯಾರಿಗೆ ಸಿಗುತ್ತಿತ್ತೋ, ಆ ಮನುಷ್ಯನ ಮುಂದೆಯೇ ಎಲ್ಲವನ್ನೂ ಹೇಳಿದೆ.

ಪೈಗಳು ಕನ್ನಡಕ ತೆಗೆದು ಒರೆಸಿಕೊಂಡರು. “ಉಣ್ಲಿಕ್ಕೆ ಕೂತವರನ್ನು ಹಾಗೇ ಎಬ್ಬಿಸ್ಲಿಕ್ಕೆ ಆಗ್ತದಾ? ನನ್ನಲ್ಲಿ ಊಟದ ಸ್ಟೀಲಿನ ತಟ್ಟೆ ಅರವತ್ತುಂಟು. ಎಲ್ಲ ತಕ್ಕೊಂಡು ಹೋಗಿ. ನಮ್ಮಲ್ಲಿ ಇವತ್ತು ತಿಂಡಿ ಮಾತ್ರ ಅಂತ ಬೋರ್ಡ್ ಹಾಕ್ತೇನೆ.”

ಅರವತ್ತು ತಟ್ಟೆ, ನೂರಿಪ್ಪತ್ತು ಜನ. ಆ ದಿನ ನಾನು ಮಾಡಿದ ಸರಿಯಾದ ಲೆಕ್ಕ ಇದೊಂದೇ: ನಡುವೆ ಯಾರಾದರೂ ತೊಳೆಯಬೇಕು! ಪ್ಯಾಂಟು ಮಡಚಿ ಹಿತ್ತಿಲ ನಲ್ಲಿಯ ಕೆಳಗೆ ಕೂತೆ. ಬೂದಿ, ತೆಂಗಿನ ನಾರು, ನಾನು. ಸುದ್ದಿ ತಿಳಿದು ಓಡಿಬಂದ ಸುಶೀಲಾ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತು ಒರೆಸತೊಡಗಿದಳು. “ಅಂಚು ತಿಕ್ರಿ, ಅಂಚು!” ಎಂದು ನಡುನಡುವೆ ಹೇಳುತ್ತಿದ್ದಳು. ಹೊರಗೆ ಎರಡನೆಯ ಪಂಕ್ತಿ ಕೂಡುವಷ್ಟರಲ್ಲಿ ಅರವತ್ತೂ ತಟ್ಟೆ ಫಳಫಳ!

ಎಲ್ಲರೂ ಉಂಡು ಹೋದ ಮೇಲೆ ಶೆಟ್ಟರು ನಮ್ಮಿಬ್ಬರನ್ನೂ ಕೂಡಿಸಿ ತಾವೇ ಬಡಿಸಿದರು. ನಾನು ಅನ್ನವನ್ನು ಕಲಸುತ್ತಲೇ ಇದ್ದೆ.

“ತಪ್ಪಾತ್ರಿ ಶೆಟ್ಟರ.”

“ಎಂತ ತಪ್ಪು ಮಾರಾಯ್ರೆ? ಇಷ್ಟು ವರ್ಷದಲ್ಲಿ ನನ್ನ ಹೋಟೆಲು ಚೆನ್ನಾಗಿ ನಡೀಲಿ ಅಂತ ಹದಿನೆಂಟು ದಿನ ಕೂತು ಬರೆದವರು ನೀವೊಬ್ರೇ. ಊಟ ಮಾಡಿ. ಸಾರು ಹಾಕ್ಲಾ?”

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ಬೇರೆ ಗಿರಾಕಿಗಳಿಗೆ ಎಲೆ ತಂದಿದ್ದ ಮಾವಶಿಯನ್ನು ಕಂಡು, ದಿನಾ ಬರಲು ಬೇಡಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಎಲೆಯ ಕಟ್ಟನ್ನು ನನ್ನ ತಲೆಯ ಮೇಲೆಯೇ ಇಟ್ಟು ಮುಂದೆ ನಡೆದಳು. ಶೆಟ್ಟರು, ಪೈಗಳು, ಮಾವಶಿ, ಈ ಮೂವರ ದೊಡ್ಡಮನಸ್ಸು ಯಾವ ಸೂತ್ರದಲ್ಲೂ ಇರಲಿಲ್ಲ. ಅದರಿಂದಲೇ ನಾನು ಈ ಊರಿನಲ್ಲಿ ತಲೆಯೆತ್ತಿ ಉಳಿದೆ.

ವಾರದ ಮೇಲೆ, ಊಟ ಕೇಳಿದ್ದ ಆ ಕಾರ್ಖಾನೆಯ ಮ್ಯಾನೇಜರ್ ತಾವೇ ಹೋಟೆಲಿಗೆ ಬಂದರು. ಊಟ ಶೆಟ್ಟರದು, ಶೆಟ್ಟರು ಕೇಳಿಕೊಂಡದ್ದಕ್ಕೆ ಬೆಳಗಿನ ತಿಂಡಿ ಪೈಗಳದು ಎಂದು ಒಪ್ಪಿದರು. ನಾನೂ ಅಲ್ಲೇ ಇದ್ದೆ. ನನ್ನನ್ನು ನೋಡಿದ್ದೇ ಅವರ ಕಣ್ಣು ಅರಳಿತು. ಅವತ್ತು ಕೈ ತೊಳೆಯಲು ಹಿತ್ತಿಲಿಗೆ ಬಂದವರು ನನ್ನ ಕೆಲಸ ನೋಡಿದ್ದರಂತೆ.

“ಶೆಟ್ಟಿಜೀ, ಯೇ ಆದ್ಮಿ ಬಹುತ್ ಅಚ್ಛಾ ಹೈ! ನಮ್ಮ ಕ್ಯಾಂಟೀನಿಗೆ ಇವನನ್ನೇ ಕಳಿಸಿ.”

ಶೆಟ್ಟರು ಗಾಬರಿಯಾಗಿ, “ಸಾಬ್, ಯೇ ತೋ ಗಣಿತ್ ಪಢಾ ಹುವಾ ಹೈ!” ಅಂದರು.

“ಅರೆರೆ! ಬೇಚಾರಾ!” ಎಂದು ಮ್ಯಾನೇಜರ್ ಮರುಕದಿಂದ ನನ್ನ ಬೆನ್ನು ತಟ್ಟಿ ಹೋದರು.

ಮನೆಗೆ ಬಂದು, ನನ್ನ ಕೈಗುಣಕ್ಕೆ ಸಿಕ್ಕ ಈ ಮನ್ನಣೆಯನ್ನು ಸುಶೀಲಾಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

“ಹೌದೇನ್ರಿ?” ಅಂದವಳೇ ಎದ್ದು ಒಳಗೆ ಹೋಗಿ, ಬೆಳಗಿನ ಮುಸುರೆ ಪಾತ್ರೆಗಳನ್ನೆಲ್ಲ ತಂದು ನನ್ನ ಮುಂದೆ ಇಟ್ಟಳು!